ಪಡಸಾಲೆಯಲ್ಲಿ ಕೂತವರು

ಹೋದ ವಾರ ಆಳಂದದ ಒಂದು ಶಾಲೆಯ ಸಭಾಂಗಣದಲ್ಲಿ ಆಕೆಗೆ ಶ್ರದ್ಧಾಂಜಲಿ ಸಭೆ ಇಟ್ಟಿದ್ದರು. ಸಮುದ್ರದಾಚೆಯ ತಮ್ಮ ಊರಿನಲ್ಲಿ ಆಕೆ ತೀರಿಕೊಂಡ ಸುದ್ದಿ ಬಂದು ಹತ್ತು ದಿನವಾಗಿತ್ತು. ಮೂವರು ಮಾತಾಡಿದರು. ಮೊದಲಿನವರು ಆಕೆಯನ್ನು ಮಹಾಸಾಧ್ವಿ ಎಂದರು. ಎರಡನೆಯವರು ಹುಟ್ಟಿನಿಂದಲೇ ಧ್ಯಾನನಿಷ್ಠೆ ಎಂದರು. ಮೂರನೆಯವರು ಆಕೆಯ ಮುಖವನ್ನೇ ಕಂಡವರಲ್ಲ. ಅವರು ಎದ್ದು ನಿಂತು, ನಮ್ಮ ನಾಡಿನಲ್ಲಿ ಇದ್ದಷ್ಟೂ ಕಾಲ ಆಕೆ ಒಂದು ದಿನವೂ ತಪ್ಪದೆ ನಸುಕಿನಲ್ಲೆದ್ದು ಪ್ರಾರ್ಥನೆ ಮಾಡಿದರೆಂದು ಕೈ ಎತ್ತಿ ಸಾರಿದರು. ಜನ ಚಪ್ಪಾಳೆ ತಟ್ಟಿದರು. ಮೂರನೆಯ ಸಾಲಿನಲ್ಲಿ ಕೂತಿದ್ದ ನನಗೆ ಸಿಟ್ಟು ನೆತ್ತಿಗೇರಿತು.

ನಾನು ಆಕೆಯ ದವಾಖಾನೆಯಲ್ಲಿ ಮೊದಲ ದಿನದಿಂದ ಕಂಪೌಂಡರ್ ಆಗಿದ್ದವನು. ಆಕೆಗೆ ನಿದ್ದೆ ಎಂದರೆ ಪ್ರಾಣ, ಚಹಾ ಎಂದರೆ ಅದಕ್ಕಿಂತ ಹೆಚ್ಚು ಪ್ರಾಣ. ಪ್ರಾರ್ಥನೆ ಹುಟ್ಟಿನಿಂದ ಬಂದದ್ದಲ್ಲ. ಅದನ್ನು ಆಕೆ ನಮ್ಮ ಹಳ್ಳಿ ಸರಸಂಬಾದಲ್ಲಿ, ನನ್ನ ಕಣ್ಣೆದುರಿಗೇ, ಸೋತು ಸುಣ್ಣವಾಗಿ ಕಳೆದುಕೊಂಡರು. ಆಮೇಲೆ ಒಂದೊಂದೇ ದಿನ ಕೂಡಿಸಿ ಮತ್ತೆ ಗೆದ್ದುಕೊಂಡರು. ಗೆದ್ದದ್ದನ್ನು ಹುಟ್ಟುಗುಣ ಎಂದು ಹೊಗಳುವುದು ಗೆದ್ದವರಿಗೆ ಮಾಡುವ ಅವಮಾನ. ಆ ಸಭೆಯಲ್ಲಿ ಇದನ್ನು ಹೇಳಲು ನನಗೆ ಮೈಕು ಸಿಗಲಿಲ್ಲ, ಆದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಹೆಸರು ಬರೆಯುವುದಿಲ್ಲ. ಯಾವಾಗಲಾದರೂ ಬರೆದರೆ ಹೆಸರು ಹಾಕಬೇಡ ಎಂದು ಆಕೆಯೇ ಹೇಳಿದ್ದರು. ಹಾಕಿದರೂ ಪ್ರಯೋಜನವಿರಲಿಲ್ಲ, ಆ ಹೆಸರನ್ನು ನೆಟ್ಟಗೆ ಉಚ್ಚರಿಸಿದವರು ನಮ್ಮ ತಾಲೂಕಿನಲ್ಲಿ ಒಬ್ಬರೂ ಇರಲಿಲ್ಲ. ಎಲ್ಲರಿಗೂ ಆಕೆ ಸಿಸ್ಟರ್‌ಬಾಯಿ.

ಎಪ್ಪತ್ತರ ದಶಕದ ನಡುಭಾಗದಲ್ಲಿ, ಮಳೆಗಾಲ ಮುಗಿದ ಮೇಲೆ ಬಂದರು. ಎತ್ತರದ ಹೆಣ್ಣುಮಗಳು. ಜೋಳದ ಒಣ ರವದಿಯ ಬಣ್ಣದ ಕೂದಲು. ಇಳಕಲ್ ಸೀರೆ ಉಡುತ್ತಿದ್ದರು, ಆದರೆ ಅಷ್ಟು ಎತ್ತರದವರಿಗೆಂದು ಯಾರು ನೇಯುತ್ತಾರೆ? ಸೀರೆಯ ಅಂಚು ಯಾವಾಗಲೂ ಪಾದದಿಂದ ಒಂದು ಗೇಣು ಮೇಲೇ ಇರುತ್ತಿತ್ತು. ರೋಗಿಯ ಎದೆಗೆ ಕೊಳವೆ ಹಚ್ಚಿದಾಗ ಕೆಳತುಟಿಯನ್ನು ಹಲ್ಲಿನಿಂದ ಒತ್ತಿ ಹಿಡಿಯುತ್ತಿದ್ದರು. ಆ ತುಟಿ ಬಿಟ್ಟರೆ ಹೆದರಿಕೆಯಿಲ್ಲ, ಬಿಡದಿದ್ದರೆ ಕಲಬುರಗಿಗೆ ಒಯ್ಯಬೇಕು ಎಂಬುದು ಹಳ್ಳಿಯವರಿಗೆಲ್ಲ ಬೇಗನೆ ತಿಳಿಯಿತು.

ಕನ್ನಡವನ್ನು ಬೇರೆ ಯಾವುದೋ ಊರಿನ ಪಂಡಿತರಿಂದ ಪುಸ್ತಕ ಹಿಡಿದು ಕಲಿತು ಬಂದಿದ್ದರು. ಮೊದಲ ವಾರ ಒಬ್ಬ ರೈತನಿಗೆ ಬಹಳ ವಿನಯದಿಂದ, "ದಯವಿಟ್ಟು ತಮ್ಮ ನಾಲಿಗೆಯನ್ನು ಹೊರಚಾಚಿರಿ" ಎಂದರು. ಆತ ಗಾಬರಿಯಿಂದ ನನ್ನ ಕಡೆ ತಿರುಗಿದ.

"ಏನ್ ಅಂತಾಳ್ರಿ ಬಾಯಿ?"

"ನಾಲಿಗಿ ತೆಗಿ ಅಂತಾರಪಾ."

"ಹಂಗ ಅನ್ನಬೇಕಿಲ್ರಿ ಮತ್ತ! ನಾ ಏನೋ ದೊಡ್ಡ ಆಪರೇಷನ್ ಮಾಡ್ತಾಳಂತ ತಿಳಿದಿದ್ದೆ."

ದವಾಖಾನೆ ಇದ್ದದ್ದು ನೀಲಮ್ಮನೆಂಬ ಮುದುಕಿಯ ಕಲ್ಲಿನ ಮನೆಯಲ್ಲಿ. ಊರಿಗೆಲ್ಲ ಆಕೆ ಆಯಿ. ಮುಂದಿನ ಎರಡು ಕೋಣೆಗಳನ್ನು ಬಿಟ್ಟುಕೊಟ್ಟಿದ್ದಳು. ಒಂದರಲ್ಲಿ ಔಷಧಿ, ಇನ್ನೊಂದರಲ್ಲಿ ಸಿಸ್ಟರ್‌ಬಾಯಿಯ ವಾಸ. ಎರಡಕ್ಕೂ ಮುಂದೆ ಶಹಾಬಾದ್ ಕಲ್ಲು ಹಾಸಿದ ಉದ್ದನೆಯ ಪಡಸಾಲೆ. ಬೀದಿಯಲ್ಲಿ ಹೋಗುವವರಿಗೆ ಆ ಪಡಸಾಲೆಯಲ್ಲಿ ನಡೆಯುವುದೆಲ್ಲ ಕಾಣುತ್ತಿತ್ತು.

ಬಂದ ಮರುದಿನವೇ ಸಿಸ್ಟರ್‌ಬಾಯಿ ತಮ್ಮ ಕೋಣೆಯ ಗೋಡೆಗೆ ಒಂದು ಹಾಳೆ ಅಂಟಿಸಿದರು. ಅದರಲ್ಲಿ ಗೆರೆ ಹೊಡೆದು ಮನೆ ಮಾಡಿದ್ದರು. ಏನು ಬರೆದಿದೆ ಎಂದು ನನಗೆ ತಿಳಿದದ್ದು ಎಷ್ಟೋ ತಿಂಗಳ ಮೇಲೆ. ಮುಂಜಾನೆ ಐದೂವರೆಗೆ ಏಳುವುದು, ಅರ್ಧ ತಾಸು ಓದು, ಅರ್ಧ ತಾಸು ಪ್ರಾರ್ಥನೆ. ಕಿಟಕಿಯ ಪಕ್ಕ ಒಂದು ಕುರ್ಚಿ. ಬಾಗಿಲಿಗೆ ಒಳಗಿನಿಂದ ಅಗಳಿ. ಅವರ ದೇಶದಲ್ಲಿ, ಸಿಸ್ಟರುಗಳೆಲ್ಲ ಕೂಡಿ ಇದ್ದ ಮನೆಯಲ್ಲಿ, ಹೀಗೆಯೇ ಹತ್ತು ವರ್ಷ ಸುಸೂತ್ರವಾಗಿ ನಡೆದಿತ್ತಂತೆ. ಅಲ್ಲಿ ಗಂಟೆ ಬಾರಿಸಿದರೆ ಎಲ್ಲರೂ ಏಳುತ್ತಿದ್ದರು, ಎಲ್ಲರೂ ಕೂಡುತ್ತಿದ್ದರು, ಯಾರೂ ಯಾರ ಬಾಗಿಲನ್ನೂ ಬಡಿಯುತ್ತಿರಲಿಲ್ಲ.

ಇಲ್ಲಿ ಬಡಿಯುತ್ತಿದ್ದರು. ನಸುಕಿನಲ್ಲೇ ಸುತ್ತಲಿನ ಹಳ್ಳಿಗಳಿಂದ ಬಂಡಿ ಕಟ್ಟಿಕೊಂಡು ಬರುವ ಜನ. ಕಿವಿನೋವಿನ ಕೂಸು, ಚೇಳು ಕಚ್ಚಿದ ಕಾಲು, ವಾಂತಿ ಭೇದಿ. ಬಂದವರು ನೋಡಿದರೆ ಬಾಗಿಲು ಮುಚ್ಚಿದೆ. "ಬಾಯಿ ಇನ್ನಾ ಮಲಗ್ಯಾಳ" ಎಂದುಕೊಂಡು ಧಡಧಡ ಬಡಿದರು. ಮಲಗಿದವರನ್ನು ರೋಗಿಗೋಸ್ಕರ ಎಬ್ಬಿಸುವುದರಲ್ಲಿ ಏನು ತಪ್ಪು? ಆಕೆ ಮುಖ ಕೆಂಪಗೆ ಮಾಡಿಕೊಂಡು ಬಾಗಿಲು ತೆರೆಯುತ್ತಿದ್ದರು. ನಾನೂ ಎಷ್ಟೋ ದಿನ ಅವರ ಜೊತೆ ನಿಂತು ಬಡಿದಿದ್ದೇನೆ. ಸಿಸ್ಟರ್‌ಬಾಯಿ ಕೈಗುಣದವಳು, ಆದರೆ ಏಳುವುದು ಮಾತ್ರ ತಡ ಎಂದು ಊರೆಲ್ಲ ತೀರ್ಮಾನವಾಗಿ ಹೋಗಿತ್ತು.

ಹೀಗೆ ಎಂಟು ತಿಂಗಳು ಕಳೆಯಿತು. ಒಂದು ಮಧ್ಯಾಹ್ನ ರೋಗಿಗಳಿಲ್ಲದ ಹೊತ್ತಿನಲ್ಲಿ ನಾವಿಬ್ಬರೂ ಬ್ಯಾಂಡೇಜು ಸುತ್ತುತ್ತಾ ಕೂತಿದ್ದೆವು. ಆಕೆ ತಲೆ ಎತ್ತದೆ ಹೇಳಿದರು.

"ಕಂಪೌಂಡರ್ ಸಾಬ, ನಾನು ಹಿಂತಿರುಗಿ ಹೋಗುತ್ತೇನೆ. ನಮ್ಮ ಮೇಲಿನ ದೊಡ್ಡ ಪಾದ್ರಿಯವರಿಗೆ ಪತ್ರ ಬರೆದಿದ್ದೇನೆ. ನೀವು ನಾಳೆ ಆಳಂದಕ್ಕೆ ಹೋಗುವಾಗ ಅಂಚೆಗೆ ಹಾಕಬೇಕು."

ನಾನು ಸುತ್ತುವುದನ್ನು ನಿಲ್ಲಿಸಿದೆ. "ಯಾಕ್ರಿ ಸಿಸ್ಟರ್? ಯಾರರ ಏನರ ಅಂದ್ರೇನು?"

"ಯಾರೂ ಏನೂ ಅನ್ನಲಿಲ್ಲ. ನನಗೆ ಪ್ರಾರ್ಥನೆ ಆಗುತ್ತಿಲ್ಲ. ಮುಂಜಾನೆ ಆಗುವುದಿಲ್ಲ. ಮಧ್ಯಾಹ್ನ ಕೂತರೆ ನಿದ್ದೆ ಬರುತ್ತದೆ. ಸಂಜೆ ಕೂತರೆ ಸೊಳ್ಳೆ. ನಲವತ್ತು ದಿನದಿಂದ ನಾನು ದೇವರ ಹತ್ತಿರ ಒಂದು ಮಾತೂ ಆಡಿಲ್ಲ. ನಿನ್ನೆ ಆ ಮುದುಕಿಗೆ ಹೇಗೆ ಬೈದೆ, ನೀವು ನೋಡಿದಿರಲ್ಲ? ನಾನು ಬೈಯುವವಳಾಗಿರಲಿಲ್ಲ. ಪ್ರಾರ್ಥನೆ ಇಲ್ಲದೆ ಇನ್ನೊಂದು ವರ್ಷ ಇಲ್ಲಿದ್ದರೆ ನನ್ನಲ್ಲಿ ಸಿಟ್ಟು ಮಾತ್ರ ಉಳಿಯುತ್ತದೆ. ಸಿಟ್ಟಿನ ಕೈಯಿಂದ ಔಷಧಿ ಕುಡಿಸಲು ನಾನು ಇಷ್ಟು ದೂರ ಬರಲಿಲ್ಲ."

"ಮುಂಜಾನಿ ಪ್ರಾರ್ಥನಾ ಮಾಡ್ತೀರೇನ್ರಿ? ಯಾವಾಗ?"

"ಬಾಗಿಲು ಹಾಕಿಕೊಂಡಾಗ. ನೀವೆಲ್ಲ ಬಡಿಯುತ್ತೀರಲ್ಲ, ಆವಾಗ."

ನನಗೆ ನಾಚಿಕೆಯಾಯಿತು. ನೀವು ಮಲಗಿರುತ್ತೀರೆಂದು ಇಡೀ ಊರು ತಿಳಿದಿದೆ ಎಂದು ಹೇಳಿದೆ. ಆಕೆ ಮೊದಲು ನಕ್ಕರು, ಆಮೇಲೆ ಸೆರಗಿನಿಂದ ಕಣ್ಣು ಒರೆಸಿಕೊಂಡರು. ಪತ್ರವನ್ನು ಮಾತ್ರ ಹರಿದು ಹಾಕಲಿಲ್ಲ. ಮರುದಿನ ಆಳಂದದ ಬಸ್‌ಸ್ಟ್ಯಾಂಡಿನ ಹತ್ತಿರದ ಅಂಚೆ ಡಬ್ಬಿಗೆ ಅದನ್ನು ನಾನೇ ಹಾಕಿದೆ. ಆಕೆ ಹೋದರೆ ದವಾಖಾನೆ ಮುಚ್ಚುತ್ತದೆ. ನನ್ನ ನೌಕರಿ ಹೋಗುವುದು ಇರಲಿ, ಆ ಎಂಟು ತಿಂಗಳಲ್ಲಿ ಆಕೆ ಉಳಿಸಿದ ಕೂಸುಗಳು ನನ್ನ ಕಣ್ಣ ಮುಂದೆ ಓಡಾಡುತ್ತಿದ್ದವು.

ಊರಿಗೆ ಬಂದವನೇ ಆಯಿಗೆ ಎಲ್ಲ ಹೇಳಿದೆ. ಆಯಿ ತೊಗರಿಬೇಳೆ ಹಸನು ಮಾಡುತ್ತಿದ್ದಳು. ಮೊರ ಕೆಳಗಿಟ್ಟಳು.

"ಪೂಜಾ ಮಾಡ್ತಾಳ? ಆಕಿ? ನಾ ಮಲಗ್ತಾಳಂತ ತಿಳಿದಿದ್ದೆ. ಪೂಜಾಕ ಕೂಡಾಕಿ ಬಾಗಲಾ ಹಾಕ್ಕೊಂಡ್ರ ಮಂದಿಗಿ ಹೆಂಗ ತಿಳೀಬೇಕು?"

ಆಯಿಯ ಬಗ್ಗೆ ಇಲ್ಲಿ ಒಂದು ಮಾತು ಹೇಳಬೇಕು. ಆಕೆ ಲಿಂಗವಂತ ಮನೆತನದವಳು. ಮುಂಜಾನೆ ಜಳಕ ಮುಗಿಸಿ, ಹಣೆಗೆ ವಿಭೂತಿ ಹಚ್ಚಿ, ಪಡಸಾಲೆಯ ಬಲತುದಿಯಲ್ಲಿ ಕೂತು, ಕೊರಳ ಲಿಂಗವನ್ನು ಎಡಗೈಯಲ್ಲಿಟ್ಟುಕೊಂಡು ಪೂಜೆ ಮಾಡುತ್ತಿದ್ದಳು. ಬೀದಿಗೆಲ್ಲ ಕಾಣುವಂತೆಯೇ. ಆ ಹೊತ್ತಿನಲ್ಲಿ ಪಾಟೀಲರು ಬಂದರೂ ಕಟ್ಟೆಯ ಮೇಲೆ ಸುಮ್ಮನೆ ಕೂಡುತ್ತಿದ್ದರು. ಮೊಮ್ಮಕ್ಕಳು ಬಿದ್ದು ಅತ್ತರೂ ಬೀದಿಯವರೇ ಎತ್ತಿಕೊಂಡು ಸಮಾಧಾನ ಮಾಡುತ್ತಿದ್ದರು. ನಮ್ಮ ಕಡೆ ಮಲಗಿದವರನ್ನು ಎಬ್ಬಿಸುತ್ತಾರೆ, ಉಣ್ಣುವವರನ್ನೂ ಎಬ್ಬಿಸುತ್ತಾರೆ. ಪೂಜೆಗೆ ಕೂತವರನ್ನು ಎಬ್ಬಿಸುವುದಿಲ್ಲ.

ಆಯಿ ನೆಟ್ಟಗೆ ಸಿಸ್ಟರ್‌ಬಾಯಿಯ ಕೋಣೆಗೆ ಹೋದಳು. ನಾನು ಹಿಂದೆಯೇ ಹೋದೆ.

"ನಾಳಿಂದ ಹೊರಗ ಬಂದು ಕೂಡು ಬೇ. ನನ್ನ ಎದುರಿಗಿ ಆ ಕಡಿ ತುದಿ ಖಾಲಿ ಅದ."

ಸಿಸ್ಟರ್‌ಬಾಯಿ ಒಪ್ಪಲಿಲ್ಲ. ಜನ ನೋಡಲಿ ಎಂದು ಬೀದಿಯಲ್ಲಿ ಪ್ರಾರ್ಥನೆ ಮಾಡುವುದು ತಮ್ಮ ಧರ್ಮದಲ್ಲಿ ತಪ್ಪು, ಬಾಗಿಲು ಮುಚ್ಚಿಕೊಂಡು ಗುಟ್ಟಾಗಿ ಮಾಡಬೇಕು ಎಂದು ತಮ್ಮ ಪುಸ್ತಕದ ಕನ್ನಡದಲ್ಲಿ ನಿಧಾನವಾಗಿ ವಿವರಿಸಿದರು. ಆಯಿ ಪೂರ್ತಿ ಕೇಳಿಸಿಕೊಂಡಳು.

"ತೋರಸಾಕ ಕೂಡಬ್ಯಾಡ. ನಾ ಏನ್ ತೋರಸಾಕ ಕೂಡ್ತೇನೇನು? ಮಂದಿಗಿ ಕಂಡ್ರ ಮಂದಿ ಸುಮ್ಮ ಇರ್ತಾರ, ಅಷ್ಟ. ನೀ ಕಣ್ಣ ಮುಚ್ಚು. ಅದಾ ನಿನ್ನ ಬಾಗಲಾ."

ಸಿಸ್ಟರ್‌ಬಾಯಿ ಕೇಳಿದರು, "ನೀವು ಎಷ್ಟು ಗಂಟೆಗೆ ಏಳುತ್ತೀರಿ?"

"ಗಡಿಯಾರ ಯಾರ ನೋಡ್ಯಾರ? ಪೂಜಾ ಆಗೂತನಾ ಬಾಯಾಗ ಹನಿ ನೀರ ಹಾಕಂಗಿಲ್ಲ. ಹೊಟ್ಟಿ ತಾನಾ ನೆನಪ ಮಾಡ್ತದ. ನಿನಗ ಚಾದ ಹುಚ್ಚ ಭಾಳ ಅದ, ನಿನಗ ಇನ್ನಾ ಲಗೂನ ನೆನಪಾಗ್ತದ."

ಮೊದಲ ದಿನ ಏನಾಯಿತೆಂದು ನೆನೆದರೆ ಈಗಲೂ ನಗು ಬರುತ್ತದೆ. ಆಯಿಯಂತೆಯೇ ಬಾಯಿಗೆ ನೀರೂ ಹಾಕದೆ, ಪಡಸಾಲೆಯ ಎಡತುದಿಗೆ ಚಾಪೆ ಹಾಸಿ ಆಕೆ ಕೂತರು. ನೆಲದ ಮೇಲೆ ಕೂತು ರೂಢಿಯಿಲ್ಲ, ಮೊಣಕಾಲು ಎರಡೂ ಗಾಳಿಯಲ್ಲಿ ನಿಂತಿದ್ದವು. ಮೂವತ್ತು ಜನ ಕುತ್ತಿಗೆ ಚಾಚಿ ನೋಡಿದರು. ಒಬ್ಬಾಕೆ ಪಕ್ಕದವಳಿಗೆ, "ಆಕಿ ಲಿಂಗ ಎಲ್ಲದ?" ಎಂದು ಕೇಳಿದಳು. ಹಲ್ಲುನೋವಿನವನೊಬ್ಬ ಜೋರಾಗಿ ನರಳಿದ. ಆಗ ತನ್ನ ಪೂಜೆ ಮುಗಿಸಿದ್ದ ಆಯಿ ಎದ್ದು ನಿಂತು ಒಂದೇ ಮಾತು ಅಂದಳು. "ಬಾಯಿ ಪೂಜಾಕ ಕುಂತಾಳ."

ಅಷ್ಟೇ. ಮೂವತ್ತು ಜನರೂ ಮೌನವಾದರು. ಹಲ್ಲುನೋವಿನವನು ಟವೆಲ್ಲು ಬಾಯಿಗೆ ಒತ್ತಿಕೊಂಡ. ನಾನು ಔಷಧಿ ಕೋಣೆಯ ಹೊಸ್ತಿಲಲ್ಲಿ ನಿಂತಿದ್ದೆ. ಆಕೆಯ ಮುಚ್ಚಿದ ಕಣ್ಣಿನಿಂದ ನೀರು ಇಳಿಯುವುದು ಕಂಡಿತು. ಆಮೇಲೆ ಕೇಳಿದಾಗ, "ಒಂದು ಶಬ್ದವೂ ಪ್ರಾರ್ಥನೆ ಮಾಡಲಿಲ್ಲ ಸಾಬ. ಯಾರೂ ಬಡಿಯಲಿಲ್ಲವಲ್ಲ ಎಂದು ಸುಮ್ಮನೆ ಕೂತೆ" ಎಂದರು. ಅಂದು ಚಹಾ ಕುಡಿದಾಗ ಆಕೆಯ ಮುಖದಲ್ಲಿದ್ದ ಸಂತೋಷವನ್ನು ನಾನು ಆ ಎಂಟು ತಿಂಗಳಲ್ಲಿ ಕಂಡಿರಲಿಲ್ಲ.

ಎಲ್ಲ ಅಂದೇ ಸರಿಹೋಯಿತು ಎಂದುಕೊಳ್ಳಬೇಡಿ. ಒಂದು ವಾರ ಕೂತ ಮೇಲೆ ಆಕೆ ಆಯಿಯ ಹತ್ತಿರ ದೂರು ತಂದರು. ಕಣ್ಣು ಮುಚ್ಚಿದರೆ ಮನಸ್ಸು ಓಡುತ್ತದೆ. ಕುದಿಯಲು ಇಟ್ಟ ಸೂಜಿ, ತೀರಿಹೋದ ಅಯೋಡಿನ್, ತಾಯಿಯ ಪತ್ರ, ಏನೇನೋ ನೆನಪಾಗುತ್ತದೆ.

"ಹೋಗ್ಲಿ ಬಿಡು," ಎಂದಳು ಆಯಿ. "ಸಂತಿಗಿ ಹೋದವರು ಮನೀಗಿ ಬರೂದಿಲ್ಲೇನು? ನೀ ಅದರ ಬೆನ್ನ ಹತ್ತಿ ಎದ್ದು ಹೋಗಬ್ಯಾಡ, ಅಷ್ಟ. ನೀ ಕುಂತಲ್ಲೇ ಇದ್ರ ಹೊಳ್ಳಿ ಬರ್ತದ."

ಸಿಸ್ಟರ್‌ಬಾಯಿ ಗೋಡೆಯ ಮೇಲಿನ ಹಾಳೆ ಕಿತ್ತು ಒಲೆಗೆ ಹಾಕಿದರು.

ಈ ಗದ್ದಲದಲ್ಲಿ ಸಿಕ್ಕಿಬಿದ್ದವನು ನಾನು. ಮೊದಲು ಆಕೆ ಬಾಗಿಲು ತೆರೆದ ಕೂಡಲೇ ಕೆಲಸ ಶುರುವಾಗುತ್ತಿತ್ತು. ಈಗ ಅರ್ಧ ತಾಸು ನಾನು ಹೊಸ್ತಿಲಲ್ಲಿ ಖಾಲಿ ನಿಲ್ಲಬೇಕಾಯಿತು. ಬಲಕ್ಕೆ ಆಯಿ ಕಣ್ಣು ಮುಚ್ಚಿದ್ದಾಳೆ, ಎಡಕ್ಕೆ ಸಿಸ್ಟರ್‌ಬಾಯಿ ಕಣ್ಣು ಮುಚ್ಚಿದ್ದಾರೆ, ನಡುವೆ ನಿಂತ ಮುಸಲ್ಮಾನನನ್ನು ಜನ ಮೇಲಿಂದ ಕೆಳಗೆ ನೋಡುತ್ತಿದ್ದಾರೆ. ನಮ್ಮ ಮನೆಯಿಂದ ಮಸೀದಿಗೆ ನೂರು ಹೆಜ್ಜೆ. ಆದರೂ ಮುಂಜಾನೆಯ ನಮಾಜಿಗೆ ನಾನು ಹೋಗುತ್ತಿದ್ದದ್ದು ರಂಜಾನಿನಲ್ಲಿ ಮಾತ್ರ. ಒಂದು ದಿನ ಒಬ್ಬ ಮುದುಕ ನನ್ನನ್ನೇ ದಿಟ್ಟಿಸಿ, "ಕಂಪೌಂಡರ್ ಸಾಬ, ನೀವ್ ಬರೇ ನೋಡೂದಾ ಏನ್ರಿ?" ಎಂದ. ಮರುದಿನ ಮಸೀದಿಯ ಬಾಂಗ್ ಕೇಳಿದ ಕೂಡಲೇ ಎದ್ದೆ. ಹೆಂಡತಿ ಚಾದರದೊಳಗಿಂದ ತಲೆ ಹೊರಗೆ ಹಾಕಿ, "ಆಜ್ ಸೂರಜ್ ಕಿದರ್ ಸೆ ನಿಕಲ್ಯಾ ಜೀ?" ಎಂದಳು. ಸೂರ್ಯ ಇನ್ನೂ ಹುಟ್ಟೇ ಇಲ್ಲ ಮಲಗು ಎಂದು ಹೇಳಿ ಹೊರಟೆ. ಆ ರೂಢಿ ಇಂದಿಗೂ ತಪ್ಪಿಲ್ಲ. ಅದರ ಪುಣ್ಯದಲ್ಲಿ ಪಾಲು ಆ ಮುದುಕನಿಗೂ ಹೋಗಬೇಕು.

ತಿಂಗಳಿಗೊಮ್ಮೆ ನಾವಿಬ್ಬರೂ ಅಫಜಲಪುರದ ಆಚೆ ಭೀಮಾ ದಂಡೆಯ ಮಣ್ಣೂರಿಗೆ ಔಷಧಿ ಪೆಟ್ಟಿಗೆ ಹೊತ್ತು ಹೋಗುತ್ತಿದ್ದೆವು. ಹಿಂದಿನ ದಿನವೇ ಬಸ್ಸು ಹಿಡಿದು ಹೋಗಿ ಅಲ್ಲೇ ಉಳಿಯುವುದು. ಒಂದು ಸಲ ನಸುಕಿನಲ್ಲಿ ಆಕೆ ಚಾಪೆ ಹಾಸುವ ಮೊದಲೇ ಕರೆ ಬಂತು. ಚೊಚ್ಚಲ ಹೆರಿಗೆ, ಕೂಸು ಅಡ್ಡ ನಿಂತಿದೆ. ಓಡಿದೆವು. ಮಳೆ ಬಿಡುವು ಕೊಟ್ಟು ಬಿಸಿಲು ಸುಡುತ್ತಿದ್ದ ದಿನ. ಮಧ್ಯಾಹ್ನ ದಾಟಿದ ಮೇಲೆ ಹೆರಿಗೆಯಾಯಿತು. ತಾಯಿ ಉಳಿದಳು, ಹೆಣ್ಣು ಕೂಸು ಜೋರಾಗಿ ಅತ್ತಿತು. ಮನೆಯವರು ಮಜ್ಜಿಗೆ ತಂದರು. ಸಿಸ್ಟರ್‌ಬಾಯಿ ಬೇಡವೆಂದು ಕೈಯಾಡಿಸಿ, ತೂರಾಡುತ್ತಾ ಹೊಳೆಯ ಕಡೆ ನಡೆದರು. ಅಲ್ಲಿ ಮೆಟ್ಟಿಲ ಮೇಲೆ ಕೂತು ಕಣ್ಣು ಮುಚ್ಚಿದರು. ಬೆಳಗಿನಿಂದ ಒಂದು ಗುಟುಕು ನೀರೂ ಕುಡಿದಿಲ್ಲವೆಂದು ನನಗೆ ಆಗ ಹೊಳೆಯಿತು.

ಮಣ್ಣೂರಿನವರು ಅದನ್ನು ಬೇರೆಯೇ ಅರ್ಥ ಮಾಡಿಕೊಂಡರು. ಬಾಯಿ ತಮ್ಮ ಕೂಸಿಗಾಗಿ ಹರಕೆ ಹೊತ್ತು ಉಪವಾಸ ಹಿಡಿದಿದ್ದಾಳೆ ಎಂದು ಊರೆಲ್ಲ ಹೊಳೆಗೆ ಬಂತು. ಆಕೆ ಕಣ್ಣು ತೆರೆದಾಗ ಎದುರಿಗೆ ಹನ್ನೊಂದು ತೆಂಗಿನಕಾಯಿ ಇದ್ದವು, ಕೂಸಿನ ಅಜ್ಜಿ ಕಾಲಿಗೆ ಬಿದ್ದಿದ್ದಳು. "ಇಲ್ಲ, ಇಲ್ಲ, ಇದು ನನ್ನ ದಿನನಿತ್ಯದ ಪ್ರಾರ್ಥನೆ" ಎಂದು ಎಷ್ಟು ಹೇಳಿದರೂ ಯಾರೂ ನಂಬಲಿಲ್ಲ. ಮಜ್ಜಿಗೆ ಎರಡು ತಂಬಿಗೆ ಕುಡಿದ ಮೇಲೆ ಆಕೆಗೇ ನಗು ತಡೆಯಲಾಗಲಿಲ್ಲ. ಅಷ್ಟೂ ತೆಂಗಿನಕಾಯಿ ಹೊತ್ತು ತಂದವನು ನಾನು.

ಆಯಿ ಮೆಚ್ಚುತ್ತಾಳೆಂದು ಇದನ್ನು ಹೇಳಿದರೆ ಬೈಗುಳ ಬಿತ್ತು.

"ಇದೇನ್ ಛಲಾ ಬೇ? ನೀರ ಬಿಡು ಅಂದದ್ದು ನೆನಪಿಗಿ, ಜೀವಾ ಬಿಡಾಕಲ್ಲ. ಕಣ್ಣ ಮುಚ್ಚಿ ಎಲ್ಡ ಮಾತ ಅಂದು ನೀರ ಕುಡ್ದಿದ್ರ ನಿನ್ನ ದೇವ್ರ ಮುನಸ್ಕೊತಿದ್ನೇನು? ಬಾಣಂತಿ ಮ್ಯಾಲ ನೀ ಬಿದ್ದಿದ್ರ ಇಬ್ಬರನ್ನೂ ಯಾರ ಎತ್ತಬೇಕು?"

"ತಪ್ಪಾತು ಆಯಿ" ಎಂದರು ಸಿಸ್ಟರ್‌ಬಾಯಿ. ಅಷ್ಟು ಹೊತ್ತಿಗೆ ಪಂಡಿತರ ಕನ್ನಡ ಹೋಗಿ ನಮ್ಮ ಕನ್ನಡ ಆಕೆಯ ಬಾಯಿಗೆ ಬಂದಿತ್ತು.

ಇಷ್ಟರ ನಡುವೆ ಪತ್ರದ ವಿಷಯ ನೆತ್ತಿಯ ಮೇಲೆ ತೂಗುತ್ತಲೇ ಇತ್ತು. ತಾವು ಇಲ್ಲೇ ಉಳಿಯುವುದಾಗಿ ಆಕೆ ದೊಡ್ಡ ಪಾದ್ರಿಗೆ ಇನ್ನೊಂದು ಪತ್ರ ಬರೆದರು. ಪಾದ್ರಿಯವರು ಆಕೆಯ ದೇಶದವರೇ, ದೂರದ ದೊಡ್ಡ ಊರಿನಲ್ಲಿದ್ದರು, ನಮ್ಮ ಭಾಗದ ಇಂಥ ದವಾಖಾನೆಗಳೆಲ್ಲ ಅವರ ಕೈಕೆಳಗಿದ್ದವು. ಅವರ ಉತ್ತರ ನಾಲ್ಕೇ ಸಾಲು. ಪ್ರಾರ್ಥನೆ ಬತ್ತಿದವರು ಹೊರನಾಡಿನ ಸೇವೆಯಲ್ಲಿ ಉಳಿಯಬಾರದು, ಆ ಮಾತನ್ನು ನೀನೇ ಬರೆದೆ, ಸರಿಯಾಗಿಯೇ ಬರೆದೆ. ಈಗ ಉಳಿಯುತ್ತೇನೆ ಎನ್ನುತ್ತೀ. ದೀಪಾವಳಿಯಾದ ಮೇಲೆ ನಾನೇ ಬಂದು ನೋಡುತ್ತೇನೆ. ಟ್ರಂಕು ಕಟ್ಟಿ ಇಡು.

ಆಕೆ ಟ್ರಂಕು ಕಟ್ಟಿ ಗೋಡೆಗೆ ಒತ್ತಿ ಇಟ್ಟರು. ಊರಲ್ಲಿ ಸುದ್ದಿ ಹರಡಿತು. ಇಡೀ ಊರು ಒಬ್ಬ ಮನುಷ್ಯನ ಬರವನ್ನು ಅಷ್ಟು ಹೆದರಿಕೆಯಿಂದ ಕಾದದ್ದನ್ನು ನಾನು ಬೇರೆ ಕಂಡಿಲ್ಲ.

ಪಾದ್ರಿ ಬಂದರು. ಹೇಳದೆ ಕೇಳದೆ, ಹೊತ್ತು ಹುಟ್ಟುವ ವೇಳೆಗೆ, ಜೀಪಿನ ಹಾರ್ನು ಹೊಡೆಯುತ್ತಾ ಬಂದರು. ಬಿಳಿ ಗಡ್ಡದ ಆಜಾನುಬಾಹು. ಹಿಂದಿನ ಸೀಟು ಟ್ರಂಕಿಗಾಗಿ ಖಾಲಿ ಇತ್ತು. ಇಳಿದವರೇ ಪಡಸಾಲೆಯ ಕಡೆ ನೋಡಿದರು. ನಲವತ್ತು ಜನ ಕೂತಿದ್ದಾರೆ, ಒಂದು ಪಿಟ್ಟೆಂಬ ಸದ್ದಿಲ್ಲ. ಅವರಿಗೆ ಏನೆನ್ನಿಸಿತೋ, ಯಾರೋ ಸತ್ತಿದ್ದಾರೆ ಎಂದುಕೊಂಡರೋ ಏನೋ, ದೊಡ್ಡ ದನಿಯಲ್ಲಿ ಕೇಳಿದರು.

"ಸಿಸ್ಟರ್ ಎಲ್ಲಿ?"

ಕಿವಿ ಸೋರುವ ಕೂಸನ್ನು ತೊಡೆಯ ಮೇಲೆ ಮಲಗಿಸಿಕೊಂಡಿದ್ದ ಒಬ್ಬ ಹೆಣ್ಣುಮಗಳು ಬಾಯಿಯ ಮೇಲೆ ಬೆರಳಿಟ್ಟಳು.

"ಶ್! ದನಿ ಮಾಡಬ್ಯಾಡ್ರಿ ಯಪ್ಪಾ. ಬಾಯಿ ಪೂಜಾಕ ಕುಂತಾಳ್ರಿ. ಬರ್ರಿ, ಪಾಳಿ ಹಚ್ಚಿ ಕೂಡ್ರಿ ಇಲ್ಲಿ."

ಪಾದ್ರಿ ನನ್ನ ಕಡೆ ನೋಡಿದರು. ಅವರ ಕಣ್ಣಿನಲ್ಲಿ ಬೆಂಕಿ ಇತ್ತು. ನನಗೆ ಎಲ್ಲಿಂದ ಧೈರ್ಯ ಬಂತೋ, ಆ ತಾಯಿಯ ಪಕ್ಕದ ಕಲ್ಲನ್ನು ಕೈಯಿಂದ ತೋರಿಸಿದೆ. ಆ ದೊಡ್ಡ ಮನುಷ್ಯ ಬೂಟು ಬಿಚ್ಚಿ, ಮೊಣಕಾಲು ಲಟಲಟ ಅನ್ನಿಸಿಕೊಂಡು, ಕಜ್ಜಿಯವರು ಕೆಮ್ಮಿನವರ ನಡುವೆ ಕೂತರು. ಸ್ವಲ್ಪ ಹೊತ್ತಿನ ಮೇಲೆ ಆ ಹೆಣ್ಣುಮಗಳ ಕಡೆ ಬಾಗಿ ಪಿಸುಗುಟ್ಟಿದರು.

"ನೀವು ಕ್ರೈಸ್ತರೇ?"

"ಇಲ್ರಿ. ನಾವು ಲಿಂಗವಂತರ್ರಿ. ಆಕಿ ಕಬ್ಬಲಿಗೇರಾಕಿ. ಆ ಕಡಿ ಕುಂತಾತ ಸಾಬ್ರಾತ."

"ಮತ್ತೆ ಯಾಕೆ ಹೀಗೆ ಸುಮ್ಮನೆ ಕೂತಿದ್ದೀರಿ?"

"ಆಕಿ ದೇವರ ಜೋಡಿ ಮಾತಾಡಾಕತ್ತಾಳ್ರಿ. ನಡುವ ಯಾರ ಬಾಯಿ ಹಾಕ್ತಾರ್ರಿ?"

ಪಾದ್ರಿ ಎಡತುದಿಯ ಚಾಪೆಯನ್ನೇ ನೋಡುತ್ತಾ ಇದ್ದರು. ಆಮೇಲೆ ತಾವೂ ಕಣ್ಣು ಮುಚ್ಚಿದರು.

ಸಿಸ್ಟರ್‌ಬಾಯಿಗೆ ಹಾರ್ನು ಕೇಳಿಸಿತ್ತು. ಆಕೆಯೇ ಆಮೇಲೆ ಹೇಳಿದರು. ಎದ್ದು ಓಡಬೇಕು, ನಮಸ್ಕಾರ ಮಾಡಬೇಕು, ಬೇಡಿಕೊಳ್ಳಬೇಕು ಅನ್ನಿಸಿತಂತೆ. ಮನಸ್ಸು ಮೂರು ಸಲ ಜೀಪಿನ ಹತ್ತಿರ ಹೋಯಿತಂತೆ, ಮೂರು ಸಲವೂ ಕುಂತಲ್ಲೇ ಕಾದರಂತೆ. ಅಂದು ಎಂದಿಗಿಂತ ಕಡಿಮೆ ಕೂಡಲಿಲ್ಲ, ಹೆಚ್ಚೂ ಕೂಡಲಿಲ್ಲ. ಕಣ್ಣು ತೆರೆದು, ಚಾಪೆ ಸುತ್ತಿ, ನೀರು ಕುಡಿದು ಪಾದ್ರಿಯವರ ಮುಂದೆ ಬಂದು ನಿಂತರು.

"ಬಂದ್ರಿ? ಭಾಳ ಚಲೋ ಆತು. ನಿಮಗಿಂತ ಮುಂಚಿ ಬಂದವ್ರು ನಲವತ್ತ ಮಂದಿ ಅದಾರ್ರಿ. ಅವರ್ನ ಮುಗಿಸಿ ಮಾತಾಡ್ತೇನಿ."

ಪಾದ್ರಿಯವರು ತಮ್ಮ ಕೈಕೆಳಗಿನ ಹೆಣ್ಣುಮಗಳ ಬಾಯಿಂದ ಇಂಥ ಕನ್ನಡವನ್ನು ನಿರೀಕ್ಷಿಸಿರಲಿಲ್ಲ. ಮಧ್ಯಾಹ್ನದವರೆಗೆ ಅದೇ ಕಲ್ಲಿನ ಮೇಲೆ ಕೂತು, ಆಕೆ ಒಬ್ಬೊಬ್ಬರನ್ನೂ ನೋಡುವುದನ್ನು ನೋಡಿದರು. ಒಬ್ಬರಿಗೂ ಆಕೆ ಸಿಡುಕಲಿಲ್ಲ. ಗುಳಿಗೆ ನುಂಗದೆ ಉಗುಳಿದ ಒಬ್ಬ ಮುದುಕನಿಗೆ, "ಯಾಕಪಾ, ಕಹಿ ಹತ್ತೇನು? ಬೆಲ್ಲ ಕೊಡ್ತೇನಿ, ತಡಿ" ಎಂದರು. ಕೆಲವೇ ತಿಂಗಳ ಹಿಂದೆ ಆಕೆ ಇದೇ ಮುದುಕನ ಹೆಂಡತಿಗೆ ಬೈದು ಅಳಿಸಿದ್ದರು.

ಆಮೇಲೆ ಇಬ್ಬರೂ ಕೋಣೆಯೊಳಗೆ ಇಂಗ್ಲಿಷಿನಲ್ಲಿ ಮಾತಾಡಿದರು. ನಾನು ಬಾಟಲಿ ತೊಳೆಯುವ ನೆಪದಲ್ಲಿ ಗೋಡೆಗೆ ಕಿವಿ ಕೊಟ್ಟಿದ್ದೆ, ನಾಚಿಕೆಯೇನಿಲ್ಲ. ಬೀದಿಯಲ್ಲಿ ಪ್ರಾರ್ಥನೆ ಮಾಡುವುದು ನಮ್ಮ ಪದ್ಧತಿಯೇ ಎಂದು ಪಾದ್ರಿಯವರು ಕೇಳಿದರು. ಆಕೆ ಆಯಿಯ ಮಾತನ್ನೇ ಹೇಳಿದರು, ಕಣ್ಣು ಮುಚ್ಚಿದರೆ ಅದೇ ಬಾಗಿಲು. ನೂರ ಹದಿನೆಂಟು ದಿನದಿಂದ ಕೂತಿದ್ದೇನೆ ಎಂದರು. ಪಾದ್ರಿಯವರು ಹೊರಗೆ ಬಂದು ಕೋಟಿನ ಜೇಬಿನಿಂದ ನಾನು ಅಂಚೆಗೆ ಹಾಕಿದ ಪತ್ರವನ್ನೇ ತೆಗೆದು ಆಕೆಯ ಕೈಯಲ್ಲಿಟ್ಟರು.

"ಮೂವತ್ತು ವರ್ಷದಿಂದ ನಾನು ಈ ದೇಶದಲ್ಲಿ ಜನರಿಗೆ ಪ್ರಾರ್ಥನೆ ಕಲಿಸುತ್ತಿದ್ದೇನೆ," ಎಂದು ಕನ್ನಡದಲ್ಲಿ, ಎಲ್ಲರಿಗೂ ಕೇಳುವಂತೆ ಹೇಳಿದರು. "ಪ್ರಾರ್ಥನೆ ನಡೆದಿದೆ, ಸುಮ್ಮನೆ ಕೂಡು ಎಂದು ನನಗೆ ಹೇಳಿದವರು ಇವತ್ತಿನವರೆಗೆ ಯಾರೂ ಇರಲಿಲ್ಲ. ನಾನು ಇವರನ್ನು ಕರೆದುಕೊಂಡು ಹೋಗುವುದಿಲ್ಲ."

ಪಡಸಾಲೆಯಲ್ಲಿ ಎದ್ದ ಗದ್ದಲ ಏನು ಹೇಳಲಿ! ಕಿವಿ ಸೋರುವ ಕೂಸಿನ ತಾಯಿ ಗುಳಿಗೆ ತೆಗೆದುಕೊಂಡೂ ಊರಿಗೆ ಹೋಗದೆ ಅಲ್ಲೇ ಕಾದಿದ್ದಳು. ಆಕೆ ಸಿಸ್ಟರ್‌ಬಾಯಿಯ ಕೆನ್ನೆಗೆ ಎರಡೂ ಕೈ ಹಚ್ಚಿ ಲಟಿಕೆ ಮುರಿದಳು. ಆಯಿ ಪಾದ್ರಿಗೆ ಸಜ್ಜಿಯ ರೊಟ್ಟಿ, ಪುಂಡಿಪಲ್ಲೆ ಬಡಿಸಿದಳು. ಜೀಪು ಖಾಲಿ ಸೀಟಿನೊಂದಿಗೆ ಹಿಂದಿರುಗಿತು. ನನಗೆ ಅಂದಿನ ಖುಷಿಯಲ್ಲಿ ಮನೆಗೆ ಹೋಗಲೂ ಮನಸ್ಸಾಗಲಿಲ್ಲ.

ಮರುದಿನ ಮುಂಜಾನೆ ನಾನು ಬರುವ ಹೊತ್ತಿಗೆ ದವಾಖಾನೆ ತೆರೆದಿತ್ತು. ಆಕೆ ಹಾಡು ಗುನುಗುತ್ತಾ ಔಷಧಿ ಕೊಡುತ್ತಿದ್ದರು, ಆಗಲೇ ಮೂವರು ರೋಗಿಗಳನ್ನು ನೋಡಿ ಮುಗಿಸಿದ್ದರು. ಬೇಗ ಎದ್ದು ಪ್ರಾರ್ಥನೆ ಮುಗಿಸಿರಬೇಕು ಎಂದುಕೊಂಡೆ. ಬಲತುದಿಯಲ್ಲಿ ಆಯಿ ಪೂಜೆ ಮುಗಿಸಿ, ಲಿಂಗವನ್ನು ಕೊರಳಿಗೆ ಕಟ್ಟಿಕೊಂಡು, ಎದುರಿಗಿದ್ದ ಬರಿಯ ಕಲ್ಲನ್ನು ನೋಡಿದಳು.

"ಬೇ ಸಿಸ್ಟರ್‌ಬಾಯಿ, ಇವತ್ತ ಕುಂದ್ರಲಿಲ್ಲಲ್ಲ?"

ಬಾಟಲಿ ಹಿಡಿದ ಕೈ ಅಲ್ಲೇ ನಿಂತಿತು. ಆಕೆಯ ಮುಖ ಕುತ್ತಿಗೆಯವರೆಗೆ ಕೆಂಪಾಯಿತು.

"ಮರ್ತ ಬಿಟ್ಟೆ ಆಯಿ. ನಿನ್ನಿ ಖುಷಿಯೊಳಗ ಮರ್ತೇ ಬಿಟ್ಟೆ. ಚಾ ಸುದ್ದಾ ಕುಡ್ದೆ. ಎಲ್ಡ ಕಪ್."

ಪಾದ್ರಿಯ ಮುಂದೆ ಹೇಳಿದ್ದ ನೂರ ಹದಿನೆಂಟು ದಿನದ ಲೆಕ್ಕ ಒಂದೇ ಮುಂಜಾನೆಗೆ ಮುರಿದುಬಿದ್ದಿತ್ತು. ಪಡಸಾಲೆಯವರೆಲ್ಲ ಆಯಿಯ ಬಾಯಿಯನ್ನೇ ನೋಡಿದರು. ಆಯಿ ಮಾತ್ರ ಹೊಟ್ಟೆ ಹಿಡಿದುಕೊಂಡು ನಕ್ಕಳು.

"ಹೊಟ್ಯಾಗ ಚಾ ಅದ ಅಂತ ದೇವ್ರೇನ್ ಎದ್ದು ಹೋಗಂಗಿಲ್ಲ. ಚಾಪಿ ಹಾಸು. ಈಗ ಕೂಡು."

ಎಡತುದಿಯಲ್ಲಿದ್ದ ರೋಗಿಗಳು ತಾವಾಗಿಯೇ ಸರಿದು ಜಾಗ ಬಿಟ್ಟರು. ಆಕೆ ಬಾಟಲಿಯನ್ನು ನನ್ನ ಕೈಗೆ ಕೊಟ್ಟು, ಕಣ್ಣು ಒರೆಸಿಕೊಂಡು, ಹೋಗಿ ಕೂತರು. ಅಲ್ಲಿಂದ ಮುಂದೆ ಇಪ್ಪತ್ತೊಂದು ವರ್ಷ ಕೂತರು.